ಹಬ್ಬದ ಮರುದಿನ ಶುರುವಾದ ವಾಂತಿ: ನಾಯಿಗೆ ಪ್ಯಾಂಕ್ರಿಯಾಟೈಟಿಸ್ ಆಗಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾವು ವಿರಾಜಪೇಟೆ ಕಡೆಯ ತೋಟದ ಮನೆಯವರು. ನಮ್ಮ ಚಿನ್ನು ಏಳು ವರ್ಷದ ಹೆಣ್ಣು ಬೀಗಲ್, ತೂಕ 16 ಕಿಲೋ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಲ್ಲ. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಹಬ್ಬದ ದಿನ ನೆಂಟರು ತಟ್ಟೆಯಲ್ಲಿ ಬಿಟ್ಟಿದ್ದ ಹಂದಿಮಾಂಸದ ಕೊಬ್ಬನ್ನೆಲ್ಲ ತಿಂದಳು. ಮರುದಿನ ಬೆಳಿಗ್ಗೆಯಿಂದ ವಾಂತಿ. ಊಟದ ಹತ್ತಿರ ಸುಳಿಯಲಿಲ್ಲ. ಬೆನ್ನು ಬಾಗಿಸಿಕೊಂಡು ನಿಲ್ಲುತ್ತಿದ್ದಳು. ರಕ್ತ ಪರೀಕ್ಷೆಯಲ್ಲಿ ಅಮೈಲೇಸ್, ಲೈಪೇಸ್ ಎರಡೂ ಮಿತಿಗಿಂತ ಸ್ವಲ್ಪ ಹೆಚ್ಚು ಬಂದವು. ಒಬ್ಬ ವೈದ್ಯರು ಪ್ಯಾಂಕ್ರಿಯಾಟೈಟಿಸ್ ಎಂದರು, ಇನ್ನೊಬ್ಬರು ಬರೀ ಹೊಟ್ಟೆ ಕೆಟ್ಟಿದೆ ಎಂದರು. ನಾಲ್ಕು ದಿನ ಡ್ರಿಪ್ ಹಾಕಿಸಿದ ಮೇಲೆ ಸುಧಾರಿಸಿಕೊಂಡಳು. ಆಮೇಲಿನ ಮೂರು ತಿಂಗಳಲ್ಲಿ ಎರಡು ಸಲ, ಕಾರಣವಿಲ್ಲದೆ, ಒಂದೊಂದು ದಿನ ಊಟ ಬಿಟ್ಟು ಮಂಕಾಗಿ ಮಲಗಿದ್ದಳು. ಅವಳಿಗೆ ಆಗಿದ್ದು ನಿಜಕ್ಕೂ ಪ್ಯಾಂಕ್ರಿಯಾಟೈಟಿಸ್ ಹೌದೇ? ಮತ್ತೆ ಬಂದರೆ ಹೇಗೆ ಗುರುತಿಸುವುದು? ಯಾವಾಗ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು?

ಉತ್ತರ: ನೀವು ಬರೆದಿರುವ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ, ಆಗಿದ್ದಿರುವ ಸಾಧ್ಯತೆಯೇ ಹೆಚ್ಚು. ನಡುವಯಸ್ಸು, ಅತಿಯಾದ ತೂಕ, ಒಂದೇ ಹೊತ್ತಿಗೆ ಹೊಟ್ಟೆ ಸೇರಿದ ಕೊಬ್ಬು, ಮರುದಿನದ ವಾಂತಿ, ಬಾಗಿದ ಬೆನ್ನು ಎಲ್ಲವೂ ಅದರ ಕಡೆಗೇ ಬೆರಳು ತೋರಿಸುತ್ತವೆ. ಆದರೆ ನಿಮ್ಮ ಕೈಯಲ್ಲಿರುವ ರಕ್ತ ಪರೀಕ್ಷೆಯ ವರದಿ ಅದನ್ನು ಸಾಬೀತು ಮಾಡುವುದಿಲ್ಲ. ಮಾತ್ರವಲ್ಲ, ಅದೇ ಲಕ್ಷಣಗಳೊಂದಿಗೆ ಬರುವ, ಅದಕ್ಕಿಂತ ಬೇಗ ಪ್ರಾಣ ತೆಗೆಯುವ ಬೇರೆ ಕೆಲವು ಕಾಯಿಲೆಗಳು ಚಿನ್ನುವಿಗೆ ಇರಲಿಲ್ಲ ಎಂದು ಆ ದಿನ ಯಾರೂ ಖಚಿತಪಡಿಸಿಕೊಂಡಂತೆ ಕಾಣುವುದಿಲ್ಲ. ನನಗೆ ಹೆಚ್ಚು ಕಳವಳ ಇರುವುದು ಇದರ ಬಗ್ಗೆಯೇ. ಪ್ಯಾಂಕ್ರಿಯಾಟೈಟಿಸ್ ಅನ್ನು ಒಂದು ಸಂಖ್ಯೆ ನೋಡಿ ಹೇಳಲು ಬರುವುದಿಲ್ಲ. ನಾಯಿಯ ಕಥೆ, ಹೊಟ್ಟೆಯ ಮೇಲೆ ಇಟ್ಟ ಕೈ, ಸರಿಯಾದ ರಕ್ತ ಪರೀಕ್ಷೆ, ಸ್ಕ್ಯಾನ್ ಈ ನಾಲ್ಕೂ ಒಂದೇ ಮಾತು ಹೇಳಬೇಕು. ಉಳಿದ ಕಾಯಿಲೆಗಳು ಇಲ್ಲ ಎಂದು ಗೊತ್ತಾಗಿರಬೇಕು. ಆಗ ಮಾತ್ರ ಆ ಹೆಸರು ಹೇಳಬಹುದು.

ಮೊದಲು ಆ ಅಮೈಲೇಸ್, ಲೈಪೇಸ್ ವಿಷಯ. ಮನುಷ್ಯರಲ್ಲಿ ಈ ಎರಡು ಪರೀಕ್ಷೆಗಳಿಗೆ ಬೆಲೆ ಇದೆ. ನಾಯಿಗಳಲ್ಲಿ ಅಷ್ಟಿಲ್ಲ. ನಾಯಿಯ ರಕ್ತದಲ್ಲಿರುವ ಈ ಕಿಣ್ವಗಳು ಮೇದೋಜೀರಕ ಗ್ರಂಥಿಯಿಂದ ಮಾತ್ರ ಬಂದವಲ್ಲ. ಜಠರ, ಸಣ್ಣ ಕರುಳಿನಂಥ ಅಂಗಗಳಿಂದಲೂ ಬರುತ್ತವೆ. ಅವನ್ನು ರಕ್ತದಿಂದ ತೆಗೆದುಹಾಕುವುದರಲ್ಲಿ ಮೂತ್ರಪಿಂಡದ ಪಾಲು ದೊಡ್ಡದು. ಹಾಗಾಗಿ ನಾಲ್ಕು ಸಲ ವಾಂತಿ ಮಾಡಿ, ನೀರು ಕುಡಿಯದೆ, ಮೈಯಲ್ಲಿ ನೀರಿನಂಶ ಬತ್ತಿದ ಯಾವುದೇ ನಾಯಿಯಲ್ಲಿ ಇವು ಸ್ವಲ್ಪ ಏರಬಹುದು. ಮೂತ್ರಪಿಂಡ ಸೋತ ನಾಯಿಯಲ್ಲಿ ಗ್ರಂಥಿ ಚೆನ್ನಾಗಿದ್ದರೂ ಏರುತ್ತವೆ. ಇನ್ನೊಂದು ಕಡೆ, ಗ್ರಂಥಿ ನಿಜಕ್ಕೂ ಊದಿಕೊಂಡಿರುವ ನಾಯಿಯಲ್ಲಿ ಇವೆರಡೂ ಮಾಮೂಲಿ ಮಟ್ಟದಲ್ಲೇ ಇರುವುದುಂಟು. ಲೈಪೇಸ್ ಮಿತಿಯ ಮೂರರಿಂದ ಐದು ಪಟ್ಟು ದಾಟಿದರೆ ಅನುಮಾನಕ್ಕೆ ಬಲ ಬರುತ್ತದೆ. ‘ಸ್ವಲ್ಪ ಹೆಚ್ಚು’ ಎಂಬುದರಿಂದ ಹೌದೆಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು. ನಿಮ್ಮ ಇಬ್ಬರು ವೈದ್ಯರು ಬೇರೆ ಬೇರೆ ಮಾತು ಹೇಳಿದ್ದಕ್ಕೆ ಕಾರಣವೂ ಇದೇ. ಒಬ್ಬರು ಕಥೆಗೆ ಹೆಚ್ಚು ತೂಕ ಕೊಟ್ಟರು, ಇನ್ನೊಬ್ಬರು ಆ ಸಂಖ್ಯೆಯನ್ನು ನಂಬಲಿಲ್ಲ. ಇಬ್ಬರ ಮಾತಿನಲ್ಲೂ ಹುರುಳಿದೆ.

ಗ್ರಂಥಿಯೊಳಗೆ ಆಗುವುದೇನು ಎಂದು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ನಾಯಿಯ ಮೇದೋಜೀರಕ ಗ್ರಂಥಿ ತೆಳುವಾದ, ಎರಡು ತೋಳುಗಳಿರುವ ಅಂಗ. ಒಂದು ತೋಳು ಹೊಟ್ಟೆಯ ಬಲಭಾಗದಲ್ಲಿ ಸಣ್ಣ ಕರುಳಿನ ಆರಂಭದ ಭಾಗಕ್ಕೆ ಅಂಟಿಕೊಂಡಿರುತ್ತದೆ, ಇನ್ನೊಂದು ಜಠರದ ಹಿಂದೆ ಎಡಕ್ಕೆ ಚಾಚಿರುತ್ತದೆ. ಇನ್ಸುಲಿನ್ ತಯಾರಾಗುವುದು ಇಲ್ಲೇ. ಕೊಬ್ಬು, ಪ್ರೋಟೀನ್, ಪಿಷ್ಟವನ್ನು ಅರಗಿಸುವ ಕಿಣ್ವಗಳು ತಯಾರಾಗುವುದೂ ಇಲ್ಲೇ. ಪ್ರೋಟೀನನ್ನು ಕರಗಿಸುವ ಟ್ರಿಪ್ಸಿನ್ ಎಂಬ ಕಿಣ್ವ ಒರೆಯಲ್ಲಿಟ್ಟ ಕತ್ತಿಯ ಹಾಗೆ, ಟ್ರಿಪ್ಸಿನೋಜನ್ ಎಂಬ ನಿಷ್ಕ್ರಿಯ ರೂಪದಲ್ಲಿ ಗ್ರಂಥಿಯೊಳಗೆ ಕೂತಿರುತ್ತದೆ. ಕರುಳಿಗೆ ಬಂದ ಮೇಲಷ್ಟೇ ಹೊರಬರಬೇಕು. ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಅದು ಗ್ರಂಥಿಯ ಜೀವಕೋಶದೊಳಗೇ ಕ್ರಿಯಾಶೀಲವಾಗಿ, ಉಳಿದ ಕಿಣ್ವಗಳನ್ನೂ ಎಬ್ಬಿಸುತ್ತದೆ. ಗ್ರಂಥಿ ತನ್ನನ್ನೇ ಅರಗಿಸಿಕೊಳ್ಳಲು ಶುರುಮಾಡುತ್ತದೆ. ಸುತ್ತಲಿನ ಕೊಬ್ಬು ಕರಗುತ್ತದೆ, ಊತ ಪಕ್ಕದ ಕರುಳು, ಪಿತ್ತನಾಳಗಳಿಗೆ ಹಬ್ಬುತ್ತದೆ. ಕೆಲವು ನಾಯಿಗಳಲ್ಲಿ ಇದು ಅಲ್ಲಿಗೇ ನಿಂತು ಎರಡು ಮೂರು ದಿನದಲ್ಲಿ ತಣ್ಣಗಾಗುತ್ತದೆ. ಇನ್ನು ಕೆಲವದರಲ್ಲಿ ಇಡೀ ದೇಹಕ್ಕೆ ಹರಡಿ ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ ಸೋಲುತ್ತದೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಹದಗೆಡುತ್ತದೆ.

ಇದಕ್ಕೆ ಹಬ್ಬದ ಊಟವೇ ಕಾರಣವೇ? ಬಹಳಷ್ಟು ನಾಯಿಗಳಲ್ಲಿ ನಿಖರ ಕಾರಣ ಸಿಗುವುದೇ ಇಲ್ಲ. ಆದರೆ ರೂಢಿಯಿಲ್ಲದ ಆಹಾರ, ತಟ್ಟೆಯ ಎಂಜಲು, ಕಸದ ಬುಟ್ಟಿಯ ತಿನಿಸು ತಿಂದ ನಾಯಿಗಳಲ್ಲಿ ಈ ಕಾಯಿಲೆ ಹೆಚ್ಚು ಎಂಬುದನ್ನು ಅಧ್ಯಯನಗಳು ತೋರಿಸಿವೆ. ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. 12 ಕಿಲೋ ತೂಗಬೇಕಾದ ಬೀಗಲ್‌ಗೆ ದಿನಕ್ಕೆ ಸುಮಾರು 650 ಕ್ಯಾಲೊರಿ ಸಾಕು. 100 ಗ್ರಾಂ ಶುದ್ಧ ಕೊಬ್ಬಿನಲ್ಲಿ 900 ಕ್ಯಾಲೊರಿ ಇರುತ್ತದೆ. ನಾಲ್ಕೈದು ತಟ್ಟೆಗಳಿಂದ ಅಷ್ಟು ಹಂದಿಕೊಬ್ಬು ಬಿದ್ದರೆ ಅವಳ ಪಾಲಿಗೆ ಹೆಚ್ಚುಕಡಿಮೆ ಒಂದೂವರೆ ದಿನದ ಊಟ, ಅದೂ ಬರೀ ಕೊಬ್ಬಿನ ರೂಪದಲ್ಲಿ, ಒಂದೇ ಹೊತ್ತಿಗೆ. ಹಂದಿಮಾಂಸವೇ ಆಗಬೇಕೆಂದಿಲ್ಲ. ಹೋಳಿಗೆಯ ಮೇಲೆ ಸುರಿದ ತುಪ್ಪ, ಬೆಣ್ಣೆ, ಕರಿದ ತಿಂಡಿ, ಕೋಳಿಯ ಚರ್ಮ, ಬಿರಿಯಾನಿಯ ಅಡಿಯ ಎಣ್ಣೆ ಯಾವುದಾದರೂ ಇದೇ ಕೆಲಸ ಮಾಡಬಲ್ಲದು. ಸಸ್ಯಾಹಾರಿ ಮನೆಯ ನಾಯಿಗೆ ಇದು ಬರುವುದಿಲ್ಲ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ.

ಇನ್ನು ಲಕ್ಷಣಗಳು. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಿಂದ ಸತ್ತ 70 ನಾಯಿಗಳ ದಾಖಲೆಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ನಮ್ಮ ವೃತ್ತಿಯವರು ಇಂದಿಗೂ ನೆನೆಯುತ್ತಾರೆ. ಅವುಗಳಲ್ಲಿ ಶೇ. 91ರಷ್ಟು ಊಟ ಬಿಟ್ಟಿದ್ದವು, ಶೇ. 90ರಷ್ಟು ವಾಂತಿ ಮಾಡಿದ್ದವು. ಹೊಟ್ಟೆನೋವು ಕಂಡುಬಂದದ್ದು ಶೇ. 58ರಲ್ಲಿ ಮಾತ್ರ, ಭೇದಿ ಮೂರರಲ್ಲಿ ಒಂದಕ್ಕೆ. ಇವು ಸಾಯುವಷ್ಟು ಕಾಯಿಲೆಯಾಗಿದ್ದ ನಾಯಿಗಳು ಎಂಬುದನ್ನು ಮರೆಯಬೇಡಿ. ಅವುಗಳಲ್ಲೇ ಹತ್ತರಲ್ಲಿ ನಾಲ್ಕರಷ್ಟರಲ್ಲಿ ನೋವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನೋವು ಇರಲಿಲ್ಲವೆಂದು ನಾನು ನಂಬುವುದಿಲ್ಲ. ನಾಯಿಗಳು ಹೊಟ್ಟೆನೋವನ್ನು ಅಡಗಿಸಿಕೊಳ್ಳುತ್ತವೆ, ನಾವು ನೋಡಬೇಕಾದಲ್ಲಿ ನೋಡುವುದಿಲ್ಲ.

ಎಲ್ಲಿ ನೋಡಬೇಕು? ಮುಂಗಾಲು ಎರಡನ್ನೂ ನೆಲಕ್ಕೆ ಚಾಚಿ, ಎದೆಯನ್ನು ನೆಲಕ್ಕೆ ಒತ್ತಿ, ಹಿಂಭಾಗವನ್ನು ಮಾತ್ರ ಮೇಲೆತ್ತಿ ನಿಲ್ಲುವುದು ಹೊಟ್ಟೆನೋವಿನ ಪ್ರಸಿದ್ಧ ಭಂಗಿ. ಆಟಕ್ಕೆ ಕರೆಯುವ ನಾಯಿಯೂ ಹೀಗೇ ಬಾಗುತ್ತದೆ, ಆದರೆ ಅದರ ಬಾಲ ಆಡುತ್ತಿರುತ್ತದೆ, ಕಣ್ಣು ನಿಮ್ಮನ್ನೇ ನೋಡುತ್ತಿರುತ್ತದೆ, ಮರುಕ್ಷಣ ಎದ್ದು ಓಡುತ್ತದೆ. ನೋವಿರುವ ನಾಯಿ ಆ ಭಂಗಿಯಲ್ಲೇ ಉಳಿಯುತ್ತದೆ, ಬಾಲ ಜೋತು ಬಿದ್ದಿರುತ್ತದೆ, ನೋಟ ಎಲ್ಲೋ ಇರುತ್ತದೆ. ಎಲ್ಲ ನಾಯಿಗಳೂ ಹೀಗೆ ಮಾಡುವುದಿಲ್ಲ. ಮಲಗಿದ ಜಾಗವನ್ನು ಪದೇ ಪದೇ ಬದಲಿಸುವುದು, ತಣ್ಣನೆಯ ನೆಲ ಹುಡುಕಿ ಹೊಟ್ಟೆ ಚಾಚುವುದು, ಜೊಲ್ಲು ಸುರಿಸುತ್ತಾ ತುಟಿ ನೆಕ್ಕುವುದು, ಎತ್ತಿಕೊಳ್ಳಲು ಹೋದರೆ ಎಂದೂ ಗುರ್ ಎನ್ನದ ನಾಯಿ ಗುರ್ ಎನ್ನುವುದು, ಮೆಟ್ಟಿಲ ಬಳಿ ನಿಂತು ಹತ್ತದೆ ಹಿಂದೆ ಸರಿಯುವುದು ಇವೆಲ್ಲ ಹೊಟ್ಟೆನೋವೇ ಆಗಿರಬಹುದು. ವೈದ್ಯರು ಪರೀಕ್ಷಿಸುವಾಗ ನೀವೂ ಗಮನಿಸಿ. ನಾಯಿ ನಿಂತಿರುವಾಗ ಎರಡೂ ಅಂಗೈಗಳನ್ನು ಕೊನೆಯ ಪಕ್ಕೆಲುಬಿನ ಹಿಂದೆ ಇಟ್ಟು ಬೆರಳ ತುದಿಯಿಂದ ನಿಧಾನವಾಗಿ ಒಳಕ್ಕೆ ಒತ್ತುತ್ತಾರೆ. ಎಡಭಾಗದಲ್ಲಿ ಮೆತ್ತಗಿದ್ದ ಹೊಟ್ಟೆ ಬಲಭಾಗದ ಮೇಲ್ಗಡೆ ಬೆರಳು ತಾಗುತ್ತಲೇ ಹಲಗೆಯಷ್ಟು ಬಿಗಿಯುತ್ತದೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ, ತಲೆ ಹಿಂದಕ್ಕೆ ತಿರುಗುತ್ತದೆ. ಬಹುಪಾಲು ನಾಯಿ ಕೂಗುವುದಿಲ್ಲ. ಆ ಒಂದು ಕ್ಷಣದ ಉಸಿರನ್ನು ಗಮನಿಸದಿದ್ದರೆ ನೋವೇ ಇಲ್ಲ ಎಂದು ಬರೆದುಬಿಡುತ್ತೇವೆ. ದಪ್ಪ ನಾಯಿಗಳಲ್ಲಿ ಇದು ಇನ್ನೂ ಕಷ್ಟ, ಚಿನ್ನು ಆ ಸಾಲಿಗೆ ಸೇರಿದವಳು.

ಇಷ್ಟು ಓದಿದ ಮೇಲೆ ನಿಮಗೇ ಅನಿಸಿರಬೇಕು: ವಾಂತಿ, ಊಟ ಬಿಡುವುದು, ಮಂಕು, ಹೊಟ್ಟೆನೋವು ಇವು ಯಾವ ಕಾಯಿಲೆಯಲ್ಲಿ ಬರುವುದಿಲ್ಲ? ಆ ಪ್ರಶ್ನೆಯೇ ಸರಿಯಾದ ಪ್ರಶ್ನೆ. ನಿಮ್ಮ ಊರು, ನಿಮ್ಮ ನಾಯಿ, ಆ ತಿಂಗಳು ಈ ಮೂರನ್ನೂ ಮನಸ್ಸಿನಲ್ಲಿಟ್ಟು ನಾನು ಅಂದು ಮೊದಲು ಯೋಚಿಸುತ್ತಿದ್ದ ಬೇರೆ ಕಾಯಿಲೆಗಳನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಗರ್ಭಕೋಶದ ಕೀವು. ಸಂತಾನಹರಣ ಆಗದ ಏಳು ವರ್ಷದ ಹೆಣ್ಣು ನಾಯಿ ವಾಂತಿ ಮಾಡುತ್ತಾ ಬಂದರೆ, ಅದು ಏನೇ ತಿಂದಿರಲಿ, ನಾನು ಮೊದಲು ಕೇಳುವುದು ಕೊನೆಯ ಬೆದೆ ಯಾವಾಗ ಬಂದಿತ್ತು ಎಂದು. ಬೆದೆ ಮುಗಿದ ಒಂದೆರಡು ತಿಂಗಳೊಳಗೆ ಗರ್ಭಕೋಶದಲ್ಲಿ ಕೀವು ತುಂಬಿಕೊಳ್ಳುವುದು ಬಹಳ ಸಾಮಾನ್ಯ. ವಿಪರೀತ ನೀರು ಕುಡಿಯುವುದು, ಪದೇ ಪದೇ ಮೂತ್ರ, ಕೆಲವೊಮ್ಮೆ ಯೋನಿಯಿಂದ ಸ್ರಾವ ಇರುತ್ತದೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಸ್ರಾವವೂ ಕಾಣುವುದಿಲ್ಲ. ಇದನ್ನು ಪ್ಯಾಂಕ್ರಿಯಾಟೈಟಿಸ್ ಎಂದುಕೊಂಡು ಬರೀ ಡ್ರಿಪ್ ಹಾಕುತ್ತಾ ಕುಳಿತರೆ ನಾಯಿ ಕೈತಪ್ಪಿ ಹೋಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಎರಡನೆಯದು ಕರುಳಿನಲ್ಲಿ ಸಿಕ್ಕಿಕೊಂಡ ವಸ್ತು. ಹಬ್ಬದ ದಿನ ಕೊಬ್ಬು ತಿಂದ ನಾಯಿ ಮೂಳೆಯನ್ನೂ ತಿಂದಿರುತ್ತದೆ. ಬೇಸಿಗೆಯಾದರೆ ಮಾವಿನ ಗೊರಟೆ, ಮಳೆಗಾಲದಲ್ಲಿ ಮೆಕ್ಕೆಜೋಳದ ದಿಂಡು. ಬೀಗಲ್ ತಿನ್ನದ ವಸ್ತು ಕಡಿಮೆ. ನೀರು ಕುಡಿದ ಕೂಡಲೇ ಹೊರಹಾಕುವುದು, ಮಲವಿಸರ್ಜನೆ ನಿಂತುಹೋಗುವುದು ಇದ್ದರೆ ಎಕ್ಸ್‌ರೇ ತೆಗೆಯಲೇಬೇಕು.

ಮೂರನೆಯದು ಇಲಿಜ್ವರ ಮತ್ತು ಉಣ್ಣಿಜ್ವರ. ಸೆಪ್ಟೆಂಬರ್ ಅಂದರೆ ಕೊಡಗಿನಲ್ಲಿ ಮಳೆಯ ನೀರು ಇನ್ನೂ ನಿಂತಿರುವ ಕಾಲ. ಇಲಿಜ್ವರದಲ್ಲಿ ವಾಂತಿ, ಕಾಮಾಲೆ, ಮೂತ್ರಪಿಂಡದ ಸೋಲು ಒಟ್ಟಿಗೆ ಬರುತ್ತವೆ. ಅದು ಮನೆಯವರಿಗೂ ಅಂಟಬಲ್ಲದು, ಆದ್ದರಿಂದ ನಾಯಿಯ ಮೂತ್ರವನ್ನು ಬರಿಗೈಯಲ್ಲಿ ಒರೆಸಬೇಡಿ. ಉಣ್ಣಿಜ್ವರದ ವಿಷಯದಲ್ಲಿ ಒಂದು ಎಚ್ಚರಿಕೆ: ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆ ಇದ್ದರೆ ನಮ್ಮಲ್ಲಿ ಉಣ್ಣಿಜ್ವರ ಎಂದೇ ತೀರ್ಮಾನಿಸುವ ರೂಢಿಯಿದೆ. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಉಣ್ಣಿಯಿಂದ ಬರುವ ಬಬೇಸಿಯಾ ಸೋಂಕು ಕೆಲವು ನಾಯಿಗಳಲ್ಲಿ ಪ್ಯಾಂಕ್ರಿಯಾಟೈಟಿಸ್ ಅನ್ನೇ ತರುತ್ತದೆ. ಆದ್ದರಿಂದ ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕುವುದನ್ನು ಬಿಡಬಾರದು.

ತೋಟದ ಮನೆಯವರಾದ್ದರಿಂದ ವಿಷದ ಮಾತನ್ನೂ ಸೇರಿಸುತ್ತೇನೆ. ಕಾಫಿಯ ಕಾಂಡಕೊರಕಕ್ಕೆ ಬಳಸುವ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಹೊಟ್ಟೆಗೆ ಹೋದರೆ ಜೊಲ್ಲು, ವಾಂತಿ, ಭೇದಿಯ ಜೊತೆಗೆ ಮೈ ನಡುಕ, ಕಣ್ಣಿನ ಪಾಪೆ ಸಣ್ಣದಾಗುವುದು ಕಾಣುತ್ತದೆ. ಈ ಗುಂಪಿನ ವಿಷಗಳೂ ಪ್ಯಾಂಕ್ರಿಯಾಟೈಟಿಸ್‌ಗೆ ಕಾರಣವಾಗಬಲ್ಲವು. ಆ ವಾರ ತೋಟದಲ್ಲಿ ಔಷಧಿ ಹೊಡೆದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ, ಡಬ್ಬಿಯ ಚೀಟಿಯ ಫೋಟೊ ತೋರಿಸಿ. ಉಳಿದಂತೆ ಮೂತ್ರಪಿಂಡ, ಪಿತ್ತಜನಕಾಂಗದ ಕಾಯಿಲೆ, ಮಧುಮೇಹ ವಿಕೋಪಕ್ಕೆ ಹೋಗಿರುವುದು, ಅಡ್ರಿನಲ್ ಗ್ರಂಥಿ ಸೊರಗುವ ಅಡಿಸನ್ ಕಾಯಿಲೆ ಇವನ್ನೆಲ್ಲ ಸಾಮಾನ್ಯ ರಕ್ತ ಪರೀಕ್ಷೆ, ಸೋಡಿಯಂ–ಪೊಟ್ಯಾಸಿಯಂ ಮಟ್ಟ ಮತ್ತು ಮೂತ್ರ ಪರೀಕ್ಷೆಯಿಂದ ಬಹುಮಟ್ಟಿಗೆ ತಿಳಿಯಬಹುದು. ಈ ಪರೀಕ್ಷೆಗಳು ಪ್ಯಾಂಕ್ರಿಯಾಟೈಟಿಸ್ ಇದೆ ಎಂದು ಹೇಳುವುದಿಲ್ಲ, ಆದರೆ ಇವಿಲ್ಲದೆ ಮುಂದಿನ ದುಬಾರಿ ಪರೀಕ್ಷೆಗೆ ಅರ್ಥವೇ ಇಲ್ಲ.

ಈಗ ಆ ಮುಂದಿನ ಪರೀಕ್ಷೆ. ಮೇದೋಜೀರಕ ಗ್ರಂಥಿಯಿಂದ ಬಂದ ಲೈಪೇಸ್ ಅನ್ನು ಮಾತ್ರ ಗುರುತಿಸುವ ಪರೀಕ್ಷೆಯನ್ನು ಸಿಪಿಎಲ್ಐ ಎನ್ನುತ್ತಾರೆ. ಎರಡು ರೂಪದಲ್ಲಿ ಸಿಗುತ್ತದೆ. ಒಂದು ಕ್ಲಿನಿಕ್‌ನಲ್ಲೇ ಮಾಡುವ ಸ್ನ್ಯಾಪ್ ಸಿಪಿಎಲ್: ಅಂಗೈಯಗಲದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆಲವು ಹನಿ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕಿದರೆ ಹತ್ತು ನಿಮಿಷದಲ್ಲಿ ಎರಡು ನೀಲಿ ಚುಕ್ಕೆ ಮೂಡುತ್ತವೆ. ನಾಯಿಯ ಚುಕ್ಕೆ ಹೋಲಿಕೆಯ ಚುಕ್ಕೆಗಿಂತ ತಿಳಿಯಾಗಿದ್ದರೆ ಮಟ್ಟ ಸಾಮಾನ್ಯ; ಅಷ್ಟೇ ಗಾಢ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಅಸಾಮಾನ್ಯ. ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಿ ಸಂಖ್ಯೆ ಪಡೆಯುವ ಸ್ಪೆಕ್ ಸಿಪಿಎಲ್. ಅದರಲ್ಲಿ ಲೀಟರಿಗೆ 200 ಮೈಕ್ರೊಗ್ರಾಂವರೆಗೆ ಸಾಮಾನ್ಯ, 400 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಪ್ಯಾಂಕ್ರಿಯಾಟೈಟಿಸ್‌ಗೆ ಹೊಂದುವ ಮಟ್ಟ, ನಡುವಿನದು ಅನುಮಾನದ ವಲಯ. ನಡುವೆ ಬಂದರೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ಮಾಡಬೇಕು.

ಈ ಪರೀಕ್ಷೆ ಹಳೆಯದಕ್ಕಿಂತ ಬಹಳ ಮೇಲು, ಆದರೆ ದೇವರ ವಾಕ್ಯವಲ್ಲ. ಸ್ನ್ಯಾಪ್ ಪರೀಕ್ಷೆಯ ನಿಜವಾದ ಉಪಯೋಗ ‘ಇಲ್ಲ’ ಎಂದು ಬಂದಾಗ: ತೀವ್ರವಾಗಿ ವಾಂತಿ ಮಾಡುತ್ತಿರುವ ನಾಯಿಯಲ್ಲಿ ಚುಕ್ಕೆ ತಿಳಿಯಾಗಿದ್ದರೆ ಬೇರೆ ಕಾರಣ ಹುಡುಕಲು ಹೊರಡಬೇಕು. ‘ಹೌದು’ ಎಂದು ಬಂದರೆ ಅಲ್ಲಿಗೆ ಮುಗಿಯಲಿಲ್ಲ. ಕರುಳಿನಲ್ಲಿ ಮೂಳೆ ಸಿಕ್ಕಿಕೊಂಡಿದ್ದರೂ, ಹೊಟ್ಟೆಯೊಳಗೆ ಬೇರೆ ಉರಿಯೂತವಿದ್ದರೂ ಪಕ್ಕದ ಗ್ರಂಥಿ ಕೆರಳಿ ಮಟ್ಟ ಏರಬಹುದು. ‘ಸಿಪಿಎಲ್ ಪಾಸಿಟಿವ್ ಬಂತು, ಆದ್ದರಿಂದ ಎಕ್ಸ್‌ರೇ ಬೇಡ’ ಎನ್ನುವುದು ಅಪಾಯದ ಮಾತು. ದೀರ್ಘಕಾಲದ, ಸೌಮ್ಯ ರೂಪದ ಕಾಯಿಲೆಯಲ್ಲಿ ಗ್ರಂಥಿ ನಿಧಾನವಾಗಿ ಸವೆದು ನಾರಿನಂತಾಗುತ್ತದೆ, ಸೋರುವ ಕಿಣ್ವವೂ ಕಡಿಮೆ. ಆಗ ಪರೀಕ್ಷೆ ಸಾಮಾನ್ಯವೆಂದು ಬಂದರೂ ಕಾಯಿಲೆ ಇರಬಹುದು.

ಅಲ್ಟ್ರಾಸೌಂಡ್‌ನಲ್ಲಿ ಆರೋಗ್ಯವಂತ ಮೇದೋಜೀರಕ ಗ್ರಂಥಿ ಸುತ್ತಲಿನ ಕೊಬ್ಬಿನ ಬಣ್ಣದಲ್ಲೇ ಬೆರೆತು ಹೋಗಿರುತ್ತದೆ, ಹುಡುಕಿ ತೆಗೆಯಬೇಕು. ಊದಿಕೊಂಡ ಗ್ರಂಥಿ ದಪ್ಪಗಾಗಿ ಕಪ್ಪಾಗಿ ಕಾಣುತ್ತದೆ, ಅದರ ಸುತ್ತ ಉರಿಯೂತದಿಂದ ಗಟ್ಟಿಯಾದ ಕೊಬ್ಬು ಬೆಳ್ಳಗೆ ಹೊಳೆಯುತ್ತದೆ, ಅಕ್ಕಪಕ್ಕ ತೆಳ್ಳಗೆ ನೀರು ನಿಂತಿರಬಹುದು. ಕಪ್ಪು ಗ್ರಂಥಿ, ಬಿಳಿ ಕೊಬ್ಬು, ಆ ಜಾಗದಲ್ಲೇ ಸ್ಕ್ಯಾನ್ ಕಡ್ಡಿ ಒತ್ತಿದಾಗ ನಾಯಿಗೆ ನೋವು ಈ ಮೂರೂ ಒಟ್ಟಿಗೆ ಸಿಕ್ಕರೆ ನನ್ನ ಅನುಮಾನ ಬಹುಪಾಲು ಪರಿಹಾರವಾಗುತ್ತದೆ. ಮೇಲೆ ಹೇಳಿದ 70 ನಾಯಿಗಳ ಅಧ್ಯಯನದಲ್ಲಿ ಅಲ್ಟ್ರಾಸೌಂಡ್ ಹಿಡಿದದ್ದು ಶೇ. 68ರಷ್ಟನ್ನು, ಎಕ್ಸ್‌ರೇ ಬರೀ ಶೇ. 24ರಷ್ಟನ್ನು. ಇಂದಿನ ಯಂತ್ರಗಳು ಅಂದಿಗಿಂತ ಚೆನ್ನಾಗಿವೆ, ಆದರೆ ಹಿಡಿದ ಕೈಯ ಅನುಭವ ಯಂತ್ರಕ್ಕಿಂತ ಮುಖ್ಯ. ಕಾಯಿಲೆಯ ಮೊದಲ ದಿನ ಸ್ಕ್ಯಾನ್ ಸ್ವಚ್ಛವಾಗಿ ಕಂಡು ಎರಡು ದಿನದ ಮೇಲೆ ಬದಲಾವಣೆ ಎದ್ದು ಕಾಣುವುದೂ ಇದೆ. ಹಾಗಾಗಿ ನಾಯಿ ಸುಧಾರಿಸದಿದ್ದರೆ ಸ್ಕ್ಯಾನ್ ಮತ್ತೆ ಮಾಡಿಸಲು ಹಿಂಜರಿಯಬೇಡಿ. ಗ್ರಂಥಿಯ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಂತಿಮ ಪುರಾವೆ ನಿಜ, ಆದರೆ ಕಾಯಿಲೆಯ ನಾಯಿಗೆ ಅರಿವಳಿಕೆ ಕೊಟ್ಟು ಅದನ್ನು ಮಾಡುವ ಅಗತ್ಯ ತೀರಾ ಅಪರೂಪ.

ಚಿನ್ನುವಿನ ಈಗಿನ ಸ್ಥಿತಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಎರಡು ‘ಕಾರಣವಿಲ್ಲದ’ ದಿನಗಳು. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಿಂದ ಪಾರಾದ ನಾಯಿಗಳಲ್ಲಿ ಕೆಲವಕ್ಕೆ ಉರಿಯೂತ ಪೂರ್ತಿ ಆರುವುದಿಲ್ಲ. ವಾಂತಿಯೇ ಇಲ್ಲದೆ, ಒಂದು ಹೊತ್ತಿನ ಊಟ ಬಿಟ್ಟು, ಒಂದು ದಿನ ಮಂಕಾಗಿ, ಮರುದಿನ ಏನೂ ಆಗದಂತೆ ಓಡಾಡುತ್ತವೆ. ಊಟವೆಂದರೆ ಪ್ರಾಣ ಬಿಡುವ ಬೀಗಲ್ ತಟ್ಟೆಯ ಮುಂದೆ ಮುಖ ತಿರುಗಿಸಿದ್ದನ್ನು ಸಣ್ಣ ವಿಷಯವೆಂದು ನಾನು ಎಣಿಸುವುದಿಲ್ಲ. ಗ್ರಂಥಿ ಹೀಗೇ ವರ್ಷಗಟ್ಟಲೆ ಸವೆದರೆ ಮುಂದೆ ಎರಡು ತೊಂದರೆ ಕಾದಿರುತ್ತವೆ. ಇನ್ಸುಲಿನ್ ಸಾಲದೆ ಮಧುಮೇಹ ಬರಬಹುದು. ಕಿಣ್ವ ಸಾಲದೆ, ಎಷ್ಟು ತಿಂದರೂ ಸೊರಗುತ್ತಾ, ರಾಶಿರಾಶಿ ಜಿಡ್ಡಿನ ಮಲ ಹಾಕುವ ಸ್ಥಿತಿ ಬರಬಹುದು.

ಆದ್ದರಿಂದ ಅವಳು ಚೆನ್ನಾಗಿರುವ ಈಗಲೇ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಹನ್ನೆರಡು ಗಂಟೆ ಊಟ ಕೊಡದೆ, ನೀರು ಮಾತ್ರ ಕೊಟ್ಟು, ಬೆಳಿಗ್ಗೆ ರಕ್ತ ತೆಗೆಸಬೇಕು. ಟ್ರೈಗ್ಲಿಸರೈಡ್, ಕೊಲೆಸ್ಟರಾಲ್, ಸಕ್ಕರೆ, ಕ್ಯಾಲ್ಸಿಯಂ, ಥೈರಾಯ್ಡ್, ಸಿಪಿಎಲ್ಐ ಇಷ್ಟಿರಲಿ. ಕೆಲವು ನಾಯಿಗಳ ರಕ್ತದಲ್ಲಿ ಉಪವಾಸವಿದ್ದರೂ ಕೊಬ್ಬು ಇಳಿಯುವುದಿಲ್ಲ. ರಕ್ತದ ನಳಿಗೆಯನ್ನು ನಿಲ್ಲಿಸಿದರೆ ಮೇಲೆ ತಿಳಿಹಳದಿ ಸೀರಂ ಬದಲು ಹಾಲಿನಂಥ ಬಿಳಿ ದ್ರವ ನಿಲ್ಲುತ್ತದೆ. ಮಿನಿಯೇಚರ್ ಷ್ನಾಜರ್ ತಳಿಯಲ್ಲಿ ಇದು ಹೆಸರಾದ ದೋಷ, ಬೀಗಲ್‌ಗಳಲ್ಲೂ ವರದಿಯಾಗಿದೆ. ಉಪವಾಸದ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) ಡೆಸಿಲೀಟರಿಗೆ 500 ಮಿಲಿಗ್ರಾಂ ದಾಟಿದ್ದರೆ ಅದಕ್ಕೇ ಪ್ರತ್ಯೇಕ ಚಿಕಿತ್ಸೆ ಬೇಕು. ಥೈರಾಯ್ಡ್ ಕಡಿಮೆಯಾಗುವುದೂ ಬೀಗಲ್‌ಗಳಲ್ಲಿ ಅಪರೂಪವಲ್ಲ. ಅದು ತೂಕವನ್ನೂ ರಕ್ತದ ಕೊಬ್ಬನ್ನೂ ಒಟ್ಟಿಗೆ ಏರಿಸುತ್ತದೆ. ಅಪಸ್ಮಾರಕ್ಕೆ ಫಿನೋಬಾರ್ಬಿಟಾಲ್, ಪೊಟ್ಯಾಸಿಯಂ ಬ್ರೋಮೈಡ್‌ನಂಥ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ತಿಳಿಸಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ.

ಮತ್ತೆ ವಾಂತಿ ಶುರುವಾದರೆ ಮೈಸೂರಿಗೆ ಯಾವಾಗ ಹೊರಡಬೇಕು? ಒಂದು ಸಲ ವಾಂತಿಯಾಗಿ, ನಾಯಿ ಬಾಲ ಅಲ್ಲಾಡಿಸುತ್ತಾ ನೀರು ಉಳಿಸಿಕೊಳ್ಳುತ್ತಿದ್ದರೆ ಕೆಲವು ಗಂಟೆ ಕಾಯಬಹುದು. ನಾಲ್ಕಾರು ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚು ವಾಂತಿ, ಕುಡಿದ ನೀರೂ ನಿಲ್ಲದಿರುವುದು, ಬಾಗಿದ ಬೆನ್ನು, ಎದ್ದು ನಿಲ್ಲಲಾಗದ ನಿಶ್ಶಕ್ತಿ ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹತ್ತಿರದ ಪಶುವೈದ್ಯರ ಬಳಿ ಹೋಗಿ. ತುಟಿ ಎತ್ತಿ ವಸಡು ನೋಡಿ: ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ಅದಕ್ಕಿಂತ ತಡವಾದರೆ, ವಸಡು ಬಿಳಿಚಿಕೊಂಡಿದ್ದರೆ, ಇಟ್ಟಿಗೆಗೆಂಪಾಗಿದ್ದರೆ ಅಥವಾ ಹಳದಿಯಾಗಿದ್ದರೆ ರಾತ್ರಿಯಾದರೂ ಹೊರಡಿ. ಸರಿಯಾದ ದೇಹದ ಉಷ್ಣತೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಕೆಳಗೆ ಇಳಿದ, ಕಿವಿ–ಪಾದ ತಣ್ಣಗಾದ ನಾಯಿ ಜ್ವರವಿರುವ ನಾಯಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಮೂರು ಗಂಟೆಯ ದಾರಿಗೆ ಮುನ್ನ ಊರಿನ ವೈದ್ಯರಿಂದಲೇ ಡ್ರಿಪ್, ವಾಂತಿ ನಿಲ್ಲುವ ಚುಚ್ಚುಮದ್ದು, ನೋವಿನ ಚುಚ್ಚುಮದ್ದು ಹಾಕಿಸಿಕೊಂಡು ಹೊರಡುವುದು ಒಳ್ಳೆಯದು. ಹೊರಡುವ ಮುನ್ನ ಮೈಸೂರಿನ ಆಸ್ಪತ್ರೆಗೆ ಫೋನ್ ಮಾಡಿ, ಆ ಹೊತ್ತಿನಲ್ಲಿ ಸ್ಕ್ಯಾನ್ ಮಾಡುವವರಿದ್ದಾರೆಯೇ, ರಾತ್ರಿ ಇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ.

ಮನೆಯಲ್ಲಿ ಮಾಡಬಾರದ್ದು ಒಂದಿದೆ, ಅದನ್ನು ಒತ್ತಿ ಹೇಳುತ್ತೇನೆ: ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಗಳ ಜಠರದಲ್ಲಿ ಹುಣ್ಣು ಮಾಡುತ್ತವೆ; ನೀರಿನಂಶ ಬತ್ತಿದ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ. ನೋವಿಗೆ ಮದ್ದು ಬೇಕೇ ಬೇಕು, ಆದರೆ ಅದು ವೈದ್ಯರ ಕೈಯಿಂದ ಬರಲಿ. ‘ಅವಳಿಗೆ ನೋವಿಗೆ ಏನು ಕೊಟ್ಟಿರಿ?’ ಎಂದು ಕೇಳಲು ಸಂಕೋಚ ಬೇಡ. ಆ್ಯಂಟಿಬಯೋಟಿಕ್ ಬಗ್ಗೆಯೂ ಕೇಳಬಹುದು. ನಾಯಿಗಳ ಪ್ಯಾಂಕ್ರಿಯಾಟೈಟಿಸ್ ಸಾಮಾನ್ಯವಾಗಿ ಬ್ಯಾಕ್ಟೀರಿಯಾದಿಂದ ಬಂದದ್ದಲ್ಲ, ಎಲ್ಲ ನಾಯಿಗಳಿಗೂ ಅದರ ಅಗತ್ಯವಿಲ್ಲ.

ಹಳೆಯ ಪದ್ಧತಿಯಲ್ಲಿ ಗ್ರಂಥಿಗೆ ವಿಶ್ರಾಂತಿ ಕೊಡಬೇಕೆಂದು ಮೂರು ನಾಲ್ಕು ದಿನ ಉಪವಾಸ ಹಾಕುತ್ತಿದ್ದರು. ಈಗ ಹಾಗೆ ಮಾಡುವುದಿಲ್ಲ. ವಾಂತಿ ಹತೋಟಿಗೆ ಬಂದ ಕೂಡಲೇ, ಸಾಧ್ಯವಾದರೆ ಮೊದಲ ಒಂದೆರಡು ದಿನದೊಳಗೇ, ಕೊಬ್ಬು ಕಡಿಮೆ ಇರುವ ಆಹಾರವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟರೆ ಕರುಳಿನ ಒಳಪದರ ಉಳಿಯುತ್ತದೆ, ನಾಯಿ ಬೇಗ ಚೇತರಿಸಿಕೊಳ್ಳುತ್ತದೆ. ಚರ್ಮ ತೆಗೆದ ಕೋಳಿಯ ಎದೆಮಾಂಸವನ್ನು ನೀರಿನಲ್ಲಿ ಬೇಯಿಸಿ, ತಣ್ಣಗಾದ ಮೇಲೆ ತೇಲಿದ ಜಿಡ್ಡನ್ನು ತೆಗೆದುಹಾಕಿ, ಮೆತ್ತಗೆ ಬೆಂದ ಅನ್ನದ ಜೊತೆ ಕಲಸಿ ಕೊಡಬಹುದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಮೊಟ್ಟೆಯ ಬಿಳಿಭಾಗ ಆಗಬಹುದು, ಹಳದಿ ಬೇಡ. ಇದು ಕೆಲವು ದಿನಗಳ ಪಥ್ಯ ಮಾತ್ರ. ಇದರಲ್ಲಿ ಕ್ಯಾಲ್ಸಿಯಂ ಮತ್ತಿತರ ಅಂಶಗಳು ಸಾಲುವುದಿಲ್ಲ. ದೀರ್ಘಕಾಲಕ್ಕೆ, 1000 ಕ್ಯಾಲೊರಿಗೆ 20ರಿಂದ 25 ಗ್ರಾಂಗಿಂತ ಹೆಚ್ಚು ಕೊಬ್ಬಿಲ್ಲದ ಸಿದ್ಧ ಆಹಾರವನ್ನು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಚೀಲದ ಮೇಲಿನ ಶೇಕಡಾವಾರು ಕೊಬ್ಬನ್ನು ನೋಡಿ ಮೋಸ ಹೋಗಬೇಡಿ; ಒಣ ಆಹಾರ ಮತ್ತು ಡಬ್ಬಿಯ ಒದ್ದೆ ಆಹಾರಗಳ ಶೇಕಡಾವಾರನ್ನು ನೇರವಾಗಿ ಹೋಲಿಸಲಾಗದು, ಕ್ಯಾಲೊರಿಯ ಲೆಕ್ಕದಲ್ಲೇ ಕೇಳಿ. ತೂಕವನ್ನು ಆರೇಳು ತಿಂಗಳಲ್ಲಿ ನಿಧಾನವಾಗಿ 12 ಕಿಲೋ ಹತ್ತಿರಕ್ಕೆ ತನ್ನಿ. ಹಬ್ಬದ ದಿನ ನೆಂಟರಿಗೆ ಹೇಳುವುದಕ್ಕಿಂತ ಅವಳನ್ನೇ ಬೇರೆ ಕೋಣೆಯಲ್ಲಿ ಇರಿಸುವುದು ಸುಲಭ.

ಕೊನೆಯದಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ. ಇದನ್ನು ನಾನು ಬರೀ ಗರ್ಭಕೋಶದ ಕೀವಿನ ಭಯದಿಂದ ಹೇಳುತ್ತಿಲ್ಲ. ಹೆಣ್ಣು ನಾಯಿಗಳಲ್ಲಿ ಬೆದೆಯ ನಂತರದ ಎರಡು ತಿಂಗಳು ಏರುವ ಪ್ರೊಜೆಸ್ಟರಾನ್ ಹಾರ್ಮೋನು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಉರಿಯೂತದಿಂದ ಮೊದಲೇ ಸವೆದಿರುವ ಗ್ರಂಥಿಗೆ ಪ್ರತಿ ಬೆದೆಯೂ ಹೆಚ್ಚಿನ ಹೊರೆ. ಮಧುಮೇಹ ಕಾಣಿಸಿಕೊಳ್ಳುವುದು ಹಲವೊಮ್ಮೆ ಆ ಹೊತ್ತಿನಲ್ಲೇ. ರಕ್ತ ಪರೀಕ್ಷೆ ಸರಿಯಾಗಿ ಬಂದು, ಎರಡು ತಿಂಗಳು ಊಟ ಬಿಡದೆ ಇದ್ದರೆ, ಮುಂದಿನ ಬೆದೆಗೆ ಮೊದಲೇ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿಕೊಳ್ಳಿ. ಅರಿವಳಿಕೆ ಕೊಡುವವರಿಗೆ ಸೆಪ್ಟೆಂಬರಿನ ವರದಿಯನ್ನೂ, ಈಗ ಮಾಡಿಸುವ ವರದಿಯನ್ನೂ ಒಟ್ಟಿಗೆ ತೋರಿಸಿ.